ಮೂಗಿಗೆ ಏಳು ಗುಂಡು

ಗೋಣಿಕೊಪ್ಪದ ಜೆರಾಕ್ಸ್ ಅಂಗಡಿಯಲ್ಲಿ
ನಾಲ್ಕು ಹಾಳೆಗೆ ಇಳಿಸಿಕೊಂಡ ನಕ್ಷೆ.
'ಮನೆ ಪ್ಲಾನಾ?' ಅಂದ ಹುಡುಗ.
ಹೌದಪ್ಪ, ಅಂದೆ. ಗೋಡೆ ಇಲ್ಲದ್ದು.

ನನ್ನಪ್ಪ ಚಡ್ಡಿ ಹಾಕುವ ಕಾಲಕ್ಕೆ
ಯಾವ ಸೀಮೆಯವನೋ ಗೆರೆ ಎಳೆದ ವಿಮಾನ:
ಉದ್ದ ರೆಕ್ಕೆ, ಬಸುರಿ ಹೊಟ್ಟೆ, ಮೊಂಡು ಮೂಗು.
ಮೂಗಿನಲ್ಲಿ ಎಣ್ಣೆ ಕಾರುವ ಎಂಜಿನ್ನು ಬಿಡಿಸಿದ್ದಾನೆ
ಒಂದೊಂದು ಸ್ಕ್ರೂ ಸಮೇತ.
ಅದರ ಮೇಲೆ ಪೆನ್ಸಿಲಿನಲ್ಲಿ ಅಡ್ಡ ಹೊಡೆದು
ಬರೆದೆ: ಕರೆಂಟು.
ಕ್ಷಮಿಸು ಮಹರಾಯ, ನನಗೆ ಬರುವ ಕಸುಬು ಅದೊಂದೇ.

ಮೂವತ್ತೊಂದು ವರ್ಷ
ಸುಟ್ಟ ಮೋಟಾರು ಬಿಚ್ಚಿ ತಾಮ್ರ ಸುತ್ತಿದವನು.
ಹೂಮಳೆ ಕೈಕೊಟ್ಟ ಮಾರ್ಚಿನಲ್ಲಿ
ತೋಟದವರ ಜೀಪು ಸಾಲಾಗಿ ನಿಂತು
ನನ್ನ ಹೆಸರಿಗೇ ಹಾರನ್ ಹೊಡೆಯುತ್ತಿದ್ದವು.
ಹತ್ತು ಎಚ್‌ಪಿಯನ್ನು ಒಬ್ಬನೇ ಎತ್ತಿ ಸೊಂಟ ಕಳೆದುಕೊಂಡೆ.
ಈಗ ಅಂಗೈಯಲ್ಲಿ ಜಾಯಿಕಾಯಿಯಷ್ಟು ಮೋಟಾರು,
ಮೂರೇ ತಂತಿ, ಕಿಡಿಯಿಲ್ಲ, ಕಾರ್ಬನ್ನಿಲ್ಲ.
ಬಿಚ್ಚಿ ಸುತ್ತು ಎಣಿಸುವ ತನಕ ನಿದ್ದೆ ಬರಲಿಲ್ಲ.

ಬಾಲ್ಸಾ ಬಂತು. ಕೊರಿಯರಿನವನು ಡಬ್ಬ ಅಲ್ಲಾಡಿಸಿ
'ಖಾಲಿ ಕಳಿಸಿದ್ದಾರೆ, ದುಡ್ಡು ಕೊಡಬೇಡಿ' ಅಂದ.
ಒಳ್ಳೆಮೆಣಸಿನ ತಕ್ಕಡಿಗೆ ಇಟ್ಟರೆ
ಮುಳ್ಳು ಮಲಗಿದಲ್ಲಿಂದ ಏಳಲಿಲ್ಲ.
ಬೀಟೆ ಕಂಡ ಊರಿನಲ್ಲಿ
ಇದನ್ನು ಮರ ಅನ್ನುವುದು ಹೇಗೆ,
ಉಗುರು ತಾಗಿದರೂ ಗುರುತಿಟ್ಟುಕೊಳ್ಳುವುದನ್ನು?

ಕಕ್ಕಡವಿಡೀ ಪಕ್ಕೆಲುಬು ಕತ್ತರಿಸಿದೆ, ಇಪ್ಪತ್ತೆರಡು.
ಹಾಳೆ ಅಂಟಿಸಿದ ಕಡೆ ಕೂದಲಷ್ಟು ತಪ್ಪಿತ್ತು;
ಎಡರೆಕ್ಕೆ ಅದನ್ನು ಇವತ್ತಿಗೂ ಮರೆತಿಲ್ಲ.
ಅಂಟು ಒಣಗದು. ಕಾಯಿಲು ಬೇಯಿಸುವ ಪೆಟ್ಟಿಗೆಯಲ್ಲಿ
ಅರವತ್ತು ವಾಟಿನ ಬಲ್ಬು ಉರಿಸಿ ರೆಕ್ಕೆ ಮಲಗಿಸಿದೆ.
ಬೊಳ್ಳಮ್ಮ ಇಣುಕಿ,
'ಕೋಳಿಮರಿಗೂ ಇಷ್ಟು ಮಾಡಿದವರಲ್ಲ ನೀವು.'
ಆಮೇಲೆ ತೆಳು ಕಾಗದ, ಅದರ ಮೇಲೆ ಡೋಪು;
ಮನೆಯೆಲ್ಲ ನೈಲ್ ಪಾಲಿಶ್ ನಾತ.
ಮಂಜಿಗೆ ಜೋತುಬಿದ್ದ ಕಾಗದ
ಒಂದು ಬಿಸಿಲಿಗೆ ದುಡಿಯ ಚರ್ಮದ ಹಾಗೆ ಬಿಗಿಯಿತು.

ಎರಡು ಬೆರಳ ಮೇಲೆ ತೂಗಿದೆ. ಬಾಲ ಕುಸಿಯಿತು.
ಎಂಜಿನ್ನಿನ ಭಾರ ನಂಬಿ ಮೂಗು ಗಿಡ್ಡ ಮಾಡಿದ್ದ ಪುಣ್ಯಾತ್ಮ.
ಬ್ಯಾಟರಿ ಮುಂದೆ ತಳ್ಳಿದೆ. ಸಾಲದು.
ಬೇಲಿಯಾಚೆ ನಿಂತಿದ್ದ ಪಳಂಗಪ್ಪ
ಒಳಗೆ ಹೋಗಿ ಒಂದು ಕಾಡತೂಸು ತಂದ,
ಹಿತ್ತಾಳೆ ಹಸಿರುಗಟ್ಟಿತ್ತು.
'ಹಂದಿಗೆ ಅಂತ ಇಟ್ಟಿದ್ದೆ. ಆ ರಾತ್ರಿ
ಜೊತೆಯಲ್ಲಿ ಮರಿಗಳೂ ಇದ್ದವು.'
ಅಷ್ಟೇ ಅಂದ.
ಬಿಚ್ಚಿದರೆ ಏಳು ಸೀಸದ ಗುಂಡು.
ಒಂದು ಹಾಕುವುದು, ತೂಗುವುದು, ಇನ್ನೊಂದು ಹಾಕುವುದು.
ಏಳನೆಯದಕ್ಕೆ ಬಾಲ ಎದ್ದಿತು.

ಪುತ್ತರಿ ಕಳೆದು ಕುಯ್ಲಾದ ಗದ್ದೆ.
ನನ್ನ ಬೆರಳು ನಡುಗುತ್ತವೆ; ರಿಮೋಟು ಫಸೀಲಾಳಿಗೆ,
ಅಂಗಡಿಯಲ್ಲಿ ಒಂದು ದಿನವೂ ಸುತ್ತಿನ ಲೆಕ್ಕ ತಪ್ಪದವಳಿಗೆ.
ಕೈಯಿಂದ ಬಿಟ್ಟೆ.
ಒದ್ದೆ ಸೀರೆ ಕೊಡವಿದಷ್ಟು ಸದ್ದು,
ಬೆಳ್ಳಕ್ಕಿ ತಲೆಯೆತ್ತಲಿಲ್ಲ.
ಎಡಕ್ಕೆ ತುಸು ವಾಲುತ್ತ, ಜೆರಾಕ್ಸಿನ ಋಣ,
ಪಳಂಗಪ್ಪನ ಕಾಫಿ ಕಣದ ಮೇಲೆ ಹೋಯಿತು.
ಅಲ್ಲಿ ಸಿಮೆಂಟು ಕಾದು
ಗರುಡವೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು.

'ಮಾಮ, ಮೋಟಾರು ಆಫ್ ಮಾಡಿ ಎಷ್ಟೋ ಹೊತ್ತಾಯ್ತು.
ಇನ್ನೂ ಏರ್ತಾ ಇದೆ.'

ಏನು ಹೇಳಲಿ ಅವಳಿಗೆ.
ಮೋಟಾರು ನಿಂತರೆ ಎಲ್ಲ ನಿಂತಂತೆ ಅನ್ನುವವರ
ದುಡ್ಡಿನಲ್ಲಿ ಉಂಡವನು ನಾನು.
ಕುತ್ತಿಗೆ ನೋಯುವವರೆಗೆ ನೋಡಿದೆ.

ಹತ್ತೊಂಬತ್ತು ನಿಮಿಷಕ್ಕೆ ಇಳಿಯಿತು,
ಕೂಳೆ ಚುಚ್ಚಿ ಹೊಟ್ಟೆಯ ಕಾಗದ ಹರಿಯಿತು.
ಹೊತ್ತು ನಡೆದರೆ
ಮೂಗಿನೊಳಗೆ ಒಂದು ಗುಂಡು ಅಂಟು ಬಿಟ್ಟಿದೆ:
ಹೆಜ್ಜೆಗೊಮ್ಮೆ ಕಟ್, ಕಟ್.
ಪಳಂಗಪ್ಪ ಕಿವಿಗೊಟ್ಟು ಕೇಳಿದ.
'ಇರಲಿ ಅದು,' ಅಂದ. 'ಬಿಚ್ಚಬೇಡ.'